ಊಟ ಬಡಿಸಲು ಆರಿಸಿದ ಏಳು ಜನ

ಜಗಳ ಶುರುವಾದದ್ದು ಊಟದ ವಿಷಯಕ್ಕೆ. ಹೊಸ ಒಡಂಬಡಿಕೆಯಲ್ಲಿ 'ಅಪೊಸ್ತಲರ ಕೃತ್ಯಗಳು' ಅಂತ ಒಂದು ಪುಸ್ತಕ ಇದೆ, ಲೂಕ ಬರೆದದ್ದು ಅನ್ನೋದು ಹಿಂದಿನಿಂದ ಬಂದ ನಂಬಿಕೆ. ಅದರ ಆರನೇ ಅಧ್ಯಾಯದ ಮೊದಲ ಏಳು ವಚನ ಓದಿ ನೋಡಿ, ಎರಡು ನಿಮಿಷ ಸಾಕು. ಯೆರೂಸಲೇಮಿನಲ್ಲಿ ಯೇಸುವಿನ ಶಿಷ್ಯರ ಗುಂಪು ದೊಡ್ಡದಾಗುತ್ತಿದೆ. ಅದರಲ್ಲಿ ಅರಾಮಿಕ್ ಮಾತಾಡುವ ಊರಿನವರಿದ್ದಾರೆ, ಹೊರಗಿನಿಂದ ಬಂದು ನೆಲೆಸಿದ ಗ್ರೀಕ್ ಭಾಷೆಯ ಯೆಹೂದ್ಯರೂ ಇದ್ದಾರೆ. ದಿನಾ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಬಿಟ್ಟುಬಿಡ್ತಾರೆ ಅಂತ ಗೊಣಗಾಟ ಏಳುತ್ತದೆ. ಹನ್ನೆರಡು ಮಂದಿ ಅಪೊಸ್ತಲರು ಎಲ್ಲರನ್ನೂ ಕರೆದು, ದೇವರ ವಾಕ್ಯ ಬಿಟ್ಟು ಊಟ ಬಡಿಸುತ್ತಾ ಕೂರೋದು ನಮಗೆ ಸರಿಯಲ್ಲ, ನಿಮ್ಮಲ್ಲೇ ಒಳ್ಳೆ ಹೆಸರಿರುವ ಏಳು ಜನರನ್ನು ಆರಿಸಿಕೊಳ್ಳಿ ಅಂತಾರೆ. ಜನ ಆರಿಸುತ್ತಾರೆ. ಅಪೊಸ್ತಲರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಮುಗೀತು.

ಚರ್ಚಿಗೆ ಹೋಗದವರಿಗಾಗಿ ಒಂದು ಮಾತು. ಕೆಥೊಲಿಕ್ಕರಲ್ಲೂ ಇನ್ನೂ ಹಲವು ಸಭೆಗಳಲ್ಲೂ ದೀಕ್ಷೆಗೆ ಮೂರು ಮೆಟ್ಟಿಲು: ಬಿಷಪ್, ಪಾದ್ರಿ, ಡೀಕನ್. ಕೆಳಗಿನ ಮೆಟ್ಟಿಲು ಡೀಕನ್. ಆ ಹುದ್ದೆ ಎಲ್ಲಿಂದ ಬಂತು ಅಂತ ಕೇಳಿದರೆ ಎಲ್ಲರೂ ಬೆರಳು ತೋರಿಸೋದು ಈ ಏಳು ವಚನಗಳ ಕಡೆಗೆ.

ಈ ಭಾಗವನ್ನು ನಾನು ಚರ್ಚಿನಲ್ಲಿ ಕೇಳಿದ್ದಕ್ಕಿಂತ ಲೀಡರ್‌ಶಿಪ್ ತರಬೇತಿಗಳಲ್ಲಿ ಕೇಳಿದ್ದೇ ಹೆಚ್ಚು. ಸ್ಲೈಡಿನ ಮೇಲೆ ದೊಡ್ಡದಾಗಿ 'ಡೆಲಿಗೇಷನ್' ಅಂತ ಇರುತ್ತೆ. ಮುಖ್ಯ ಕೆಲಸ ನಾಯಕರಿಗೆ, ಚಿಲ್ಲರೆ ಕೆಲಸ ಬೇರೆಯವರಿಗೆ, ನೋಡಿ ಎರಡು ಸಾವಿರ ವರ್ಷದ ಹಿಂದೆಯೇ ಇದು ಗೊತ್ತಿತ್ತು ಅಂತ ವಿವರಣೆ. ಭಾನುವಾರದ ಪ್ರಸಂಗಗಳೂ ಇದಕ್ಕಿಂತ ದೂರ ಹೋಗೋದು ಕಡಿಮೆ. ಪಾದ್ರಿಗಳಿಗೆ ಪ್ರಾರ್ಥನೆ, ಡೀಕನ್ನರಿಗೆ ಕುರ್ಚಿ, ಪಾತ್ರೆ, ಲೆಕ್ಕ. ನನಗೆ ಈ ಓದು ಸೋಮಾರಿತನದ್ದು ಅನ್ಸುತ್ತೆ. ಯಾಕೆ ಅಂತ ಹೇಳ್ತೀನಿ.

ಮೊದಲು ಆ ಏಳು ಹೆಸರು ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರು. ಕೊನೆಯವನಂತೂ ಅಂತಿಯೋಕ್ಯದವನು, ಹುಟ್ಟಿನಿಂದ ಯೆಹೂದ್ಯನೂ ಅಲ್ಲ, ಮತಕ್ಕೆ ಸೇರಿಕೊಂಡವನು. ಗ್ರೀಕ್ ಹೆಸರಿದ್ದ ಮಾತ್ರಕ್ಕೆ ಗ್ರೀಕ್ ಗುಂಪಿನವರೇ ಅಂತ ಖಚಿತವಾಗಿ ಹೇಳೋಕಾಗಲ್ಲ, ಹನ್ನೆರಡು ಅಪೊಸ್ತಲರಲ್ಲೂ ಒಬ್ಬ ಫಿಲಿಪ್ಪ, ಒಬ್ಬ ಅಂದ್ರೆಯ ಇದ್ದರು. ಆದರೆ ಏಳಕ್ಕೆ ಏಳೂ ಹಾಗಿರೋದು ಸುಮ್ಮನೆ ಅಲ್ಲ. ದೂರು ಕೊಟ್ಟವರ ಕಡೆಯವರ ಕೈಗೇ ಹಂಚುವ ಕೆಲಸ ಪೂರ್ತಿ ಹೋಯಿತು. ನಾಲ್ಕು ನಮ್ಮವರು, ಮೂರು ನಿಮ್ಮವರು ಅನ್ನೋ ಲೆಕ್ಕಾಚಾರ ಇಲ್ಲ, ವಿಚಾರಣಾ ಸಮಿತಿಯೂ ಇಲ್ಲ. ಉಗ್ರಾಣದ ಬೀಗದ ಕೈಯನ್ನೇ ಕೊಟ್ಟುಬಿಟ್ಟ ಹಾಗೆ. ನಮ್ಮ ಆಫೀಸುಗಳಲ್ಲಿ 'ಡೆಲಿಗೇಷನ್' ಅಂದರೆ ಕೆಲಸ ಮಾತ್ರ ಕೆಳಗೆ ಹೋಗುತ್ತೆ, ಅಧಿಕಾರ ಮೇಲೇ ಉಳಿಯುತ್ತೆ. ಇಲ್ಲಿ ಹಾಗಾಗಿಲ್ಲ.

ಇನ್ನೊಂದು, ಪದಗಳ ವಿಷಯ. ಈ ಏಳು ವಚನಗಳಲ್ಲಿ 'ಡೀಕನ್' ಅನ್ನೋ ಪದವೇ ಇಲ್ಲ! ಗ್ರೀಕಿನಲ್ಲಿ ಡೀಕನ್ನನಿಗೆ 'ದಿಯಾಕೊನೋಸ್' ಅಂತಾರೆ. ಲೂಕ ಈ ಏಳು ಜನರನ್ನು ಒಮ್ಮೆಯೂ ಹಾಗೆ ಕರೆಯಲ್ಲ. ಆದರೆ ಅದೇ ಬೇರಿನ ಪದ ಮೂರು ಸಲ ಬರುತ್ತೆ. ದಿನದ ಹಂಚಿಕೆಗೂ 'ದಿಯಾಕೊನಿಯಾ', ಮೇಜಿಗೆ ಬಡಿಸೋದಕ್ಕೂ ಅದರದೇ ಕ್ರಿಯಾಪದ, ಅಪೊಸ್ತಲರು ತಮಗೆ ಇಟ್ಟುಕೊಂಡ ವಾಕ್ಯದ ಕೆಲಸಕ್ಕೂ 'ದಿಯಾಕೊನಿಯಾ'ನೇ. ಅಂದರೆ ಪ್ರಸಂಗ ಮಾಡೋದಕ್ಕೂ ಅನ್ನ ಹಾಕೋದಕ್ಕೂ ಲೂಕನ ಹತ್ತಿರ ಇದ್ದದ್ದು ಒಂದೇ ಪದ. ಅನುವಾದದಲ್ಲಿ ಎರಡಕ್ಕೂ ಬೇರೆ ಬೇರೆ ಪದ ಹಾಕಿಬಿಟ್ಟರೆ ಈ ಸುಳಿವು ಓದುಗರಿಗೆ ಸಿಗೋದೇ ಇಲ್ಲ. ಒಂದು ಮೇಲು, ಒಂದು ಕೀಳು ಅಂತ ಸಲೀಸಾಗಿ ಓದಿಕೊಂಡು ಹೋಗ್ತೀವಿ.

ಆಸ್ಟ್ರೇಲಿಯಾದ ವಿದ್ವಾಂಸ ಜಾನ್ ಎನ್. ಕಾಲಿನ್ಸ್ 1990ರಲ್ಲಿ ಈ ಒಂದು ಪದದ ಮೇಲೇ ಒಂದು ಇಡೀ ಪುಸ್ತಕ ಬರೆದರು. ಹಳೆಯ ಗ್ರೀಕ್ ಬರಹಗಳನ್ನು ಜಾಲಾಡಿ ಅವರು ಹೇಳಿದ್ದು: ಈ ಪದದ ತಿರುಳು ತಗ್ಗಿಬಗ್ಗಿ ಮಾಡುವ ಚಾಕರಿ ಅಲ್ಲ, ಒಬ್ಬರ ಪರವಾಗಿ ಇನ್ನೊಬ್ಬರ ಬಳಿಗೆ ಹೋಗಿ ಒಪ್ಪಿಸಿದ್ದನ್ನು ಮುಟ್ಟಿಸುವ ಹೊಣೆ. ದೂತ, ಮಧ್ಯವರ್ತಿ, ಪ್ರತಿನಿಧಿ. ಎಲ್ಲರೂ ಒಪ್ಪಿದ್ದಾರೆ ಅಂತೇನಲ್ಲ. ಆದರೆ ಅದಾದ ಮೇಲೆ ಡೀಕನ್ ಅಂದರೆ ವಿನಯದ ಸೇವಕ ಅಂತಷ್ಟೇ ಹೇಳಿ ಮುಗಿಸೋದು ಕಷ್ಟವಾಯಿತು.

ಲೂಕನ ಕತೆ ಮುಂದೆ ಹೋಗುವ ರೀತಿಯೂ ವಿಚಿತ್ರ. ಊಟ ಬಡಿಸೋಕೆ ಅಂತ ನೇಮಿಸಿದ ಏಳು ಜನರಲ್ಲಿ ಒಬ್ಬನೂ ಒಂದು ತಟ್ಟೆ ಮುಟ್ಟಿದ್ದನ್ನು ಅವನು ತೋರಿಸಲ್ಲ. ಸ್ತೆಫನ ಮರುಕ್ಷಣವೇ ವಾದಕ್ಕೆ ಇಳಿಯುತ್ತಾನೆ. ಏಳನೇ ಅಧ್ಯಾಯದಲ್ಲಿ ಅವನು ಮಾಡುವ ಭಾಷಣ ಆ ಪುಸ್ತಕದಲ್ಲೇ ಅತಿ ಉದ್ದದ್ದು, ಪೇತ್ರನಿಗಾಗಲಿ ಪೌಲನಿಗಾಗಲಿ ಅಷ್ಟು ಜಾಗ ಸಿಕ್ಕಿಲ್ಲ. ಭಾಷಣ ಮುಗಿಯುತ್ತಿದ್ದಂತೆ ಕಲ್ಲೆಸೆದು ಕೊಲ್ಲುತ್ತಾರೆ. ಎಂಟನೆಯದರಲ್ಲಿ ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಉಪದೇಶ ಮಾಡ್ತಾನೆ, ಆಮೇಲೆ ಗಾಜಾದ ದಾರಿಯಲ್ಲಿ ಐಥಿಯೋಪ್ಯದ ಕಂಚುಕಿಯ ರಥ ಹತ್ತಿ ಅವನಿಗೆ ಶಾಸ್ತ್ರ ಬಿಡಿಸಿ ಹೇಳಿ, ನೀರು ಕಂಡಲ್ಲೇ ದೀಕ್ಷಾಸ್ನಾನ ಕೊಡುತ್ತಾನೆ. ಅಪೊಸ್ತಲರು ತಮಗೇ ಇರಲಿ ಅಂತ ಇಟ್ಟುಕೊಂಡ ಕೆಲಸವನ್ನು ಬಡಿಸುವವರು ಮಾಡ್ತಿದ್ದಾರೆ. ಇದು ಲೂಕನ ತುಂಟತನ ಅಂತ ನಾನು ಓದಿಕೊಳ್ತೀನಿ, ಬಹಳ ಇಷ್ಟ ಕೂಡ.

ಆದರೆ ಲೂಕನ ಮೇಲೆ ನನಗೊಂದು ತಕರಾರೂ ಇದೆ. ವಿಧವೆಯರು ಎಲ್ಲಿ ಹೋದರು? ಇಡೀ ಗಲಾಟೆ ಅವರ ಹೊಟ್ಟೆಯ ವಿಷಯಕ್ಕೆ. ಅವರ ಬಾಯಿಂದ ಒಂದು ಮಾತಿಲ್ಲ, ಕೊನೆಗೆ ಊಟ ಸಿಕ್ಕಿತೋ ಇಲ್ಲವೋ ಅನ್ನೋದೂ ಇಲ್ಲ. ಶಿಷ್ಯರ ಸಂಖ್ಯೆ ಹೆಚ್ಚಿತು ಅಂತ ಒಂದು ಸಾಲು ಬರೆದು ಲೂಕ ಮುಂದಿನ ದೃಶ್ಯಕ್ಕೆ ಹೋಗಿಬಿಡುತ್ತಾನೆ. ನಮ್ಮ ವಾರದ ರಿಪೋರ್ಟುಗಳ ಥರ.

ಲೂಕ ತೋರಿಸದ ಆ ಹಂಚಿಕೆಯನ್ನು ನೋಡಬೇಕು ಅಂದರೆ ರೋಮಿಗೆ ಬರಬೇಕು. ಸುಮಾರು 251ರಲ್ಲಿ ಪೋಪ್ ಕೊರ್ನೇಲಿಯಸ್ ಬರೆದ ಒಂದು ಪತ್ರವನ್ನು ಇತಿಹಾಸಕಾರ ಯೂಸೇಬಿಯಸ್ ಉಳಿಸಿಟ್ಟಿದ್ದಾನೆ. ಅದರಲ್ಲಿ ಆಗಿನ ರೋಮ್ ಸಭೆಯ ತಲೆಯೆಣಿಕೆ ಇದೆ: 46 ಪಾದ್ರಿಗಳು, 7 ಡೀಕನ್ನರು, ಸಭೆ ಪೋಷಿಸುವ ವಿಧವೆಯರು ಮತ್ತು ಬಡವರು 1500ಕ್ಕೂ ಹೆಚ್ಚು. ಡೀಕನ್ನರು ಏಳೇ ಯಾಕೆ ಅಂದರೆ ಆ ಆರನೇ ಅಧ್ಯಾಯದ ನೆನಪು. ಪಾದ್ರಿಗಳು ಎಷ್ಟಾದರೂ ಇರಬಹುದು, ಡೀಕನ್ನರು ಏಳೇ. ಲೆಕ್ಕ ಅವರ ಕೈಯಲ್ಲಿ, ಬಿಷಪ್ಪನ ಕಿವಿಯೂ ಅವರಿಗೇ ಹತ್ತಿರ. ಸಹಜವಾಗಿ ಕೊಬ್ಬೂ ಬಂತು. 325ರ ನಿಕೇಯ ಸಭೆ, ಡೀಕನ್ನರು ಪಾದ್ರಿಗಳಿಗೆ ಪ್ರಸಾದ ಕೊಡೋದನ್ನು, ಬಿಷಪ್ಪಿಗಿಂತ ಮೊದಲೇ ತಾವು ತಗೊಳ್ಳೋದನ್ನು ನಿಲ್ಲಿಸಿ ಅಂತ ನಿಯಮ ಮಾಡಬೇಕಾಯಿತು. ಸಂತ ಜೆರೋಮ್ ಒಂದು ಪತ್ರದಲ್ಲಿ ರೋಮಿನ ಡೀಕನ್ನರ ಜಂಬದ ಮೇಲೆ ಕಿಡಿಕಾರಿದ್ದಾನೆ, ಸಂಖ್ಯೆ ಕಡಿಮೆ ಇರೋದ್ರಿಂದಲೇ ಅವರಿಗೆ ಇಷ್ಟು ಬೆಲೆ ಅನ್ನೋದು ಅವನ ವಾದ. ಮಹಾ ಲಿಯೋ, ಮಹಾ ಗ್ರೆಗೊರಿ ಇಬ್ಬರೂ ಪೋಪ್ ಆಗುವ ಮೊದಲು ಡೀಕನ್ನರಾಗಿದ್ದವರೇ. ಕೆಳಗಿನ ಮೆಟ್ಟಿಲು ಅಂತ ಮೇಲೆ ಹೇಳಿದೆನಲ್ಲ, ಆ ಕಾಲದಲ್ಲಿ ಹಾಗಿರಲಿಲ್ಲ.

ಈ ಏಳರಲ್ಲಿ ಹೆಸರುವಾಸಿ ಲಾರೆನ್ಸ್. 258ರ ಆಗಸ್ಟ್‌ನಲ್ಲಿ ಚಕ್ರವರ್ತಿ ವಲೇರಿಯನ್ನನ ಆಜ್ಞೆಯಂತೆ ಪೋಪ್ ಎರಡನೇ ಸಿಕ್ಸ್ಟಸ್‌ನನ್ನು ಕೊಂದರು, ನಾಲ್ಕು ದಿನದ ಮೇಲೆ ಲಾರೆನ್ಸ್‌ನನ್ನು. ಸಭೆಯ ಸಂಪತ್ತನ್ನು ಒಪ್ಪಿಸು ಅಂತ ಕೇಳಿದಾಗ ಅವನು ಊರಿನ ಬಡವರನ್ನೆಲ್ಲ ಕರೆತಂದು ನಿಲ್ಲಿಸಿ, ಇದೇ ನಮ್ಮ ಸಂಪತ್ತು ಅಂದ ಅನ್ನೋ ಕತೆ ಇದೆ. ನೂರಕ್ಕೂ ಹೆಚ್ಚು ವರ್ಷದ ಮೇಲೆ ಮಿಲಾನಿನ ಬಿಷಪ್ ಆಂಬ್ರೋಸ್ ಬರೆದಿಟ್ಟದ್ದು. ಕಬ್ಬಿಣದ ಕಂಬಿಗಳ ಮೇಲೆ ಸುಟ್ಟರು ಅನ್ನೋದನ್ನು ಇತಿಹಾಸಕಾರರು ಅಷ್ಟಾಗಿ ನಂಬಲ್ಲ. ಏನೇ ಇರಲಿ, ಆ ಸಂಪತ್ತಿನ ಕತೆಯಲ್ಲಿ ಡೀಕನ್ ಅಂದರೆ ಯಾರು ಅಂತ ಸರಿಯಾಗಿ ಗೊತ್ತಾಗುತ್ತೆ. ಯಾರಿಗೆ ಎಷ್ಟು ಸೇರಬೇಕು ಅನ್ನೋ ಪಟ್ಟಿ ಇಟ್ಟುಕೊಂಡವನು ಅವನು, ಹಾಗಾಗಿಯೇ ಅಷ್ಟು ಜನರನ್ನು ಒಟ್ಟು ಸೇರಿಸಲು ಅವನಿಂದ ಆಯಿತು.

ವ್ಯಾಟಿಕನ್ನಿನಲ್ಲಿ ನಿಕೊಲೀನ್ ಚಾಪೆಲ್ ಅಂತ ಒಂದು ಪುಟ್ಟ ಪ್ರಾರ್ಥನಾ ಕೋಣೆ ಇದೆ. 1447ರ ಹೊತ್ತಿಗೆ ಪೋಪ್ ಐದನೇ ನಿಕೊಲಸ್‌ಗಾಗಿ ಫ್ರಾ ಆಂಜೆಲಿಕೊ ಅದರ ಗೋಡೆಗಳ ಮೇಲೆ ಇಬ್ಬರು ಡೀಕನ್ನರ ಕತೆ ಬಿಡಿಸಲು ಶುರುಮಾಡಿದ. ಮೇಲೆ ಸ್ತೆಫನ, ಕೆಳಗೆ ಲಾರೆನ್ಸ್. ನಾನು ನೋಡಿರೋದು ಚಿತ್ರದ ಚಿತ್ರಗಳನ್ನು ಮಾತ್ರ, ಸ್ಕ್ರೀನಿನ ಮೇಲೆ. ಲಾರೆನ್ಸ್ ಭಿಕ್ಷೆ ಹಂಚುವ ದೃಶ್ಯ ಅದರಲ್ಲಿ ಅತ್ಯುತ್ತಮ. ಚರ್ಚಿನ ಬಾಗಿಲ ಮುಂದೆ ಚಿನ್ನದ ಕಸೂತಿಯ ನಿಲುವಂಗಿ ತೊಟ್ಟು ನಿಂತಿದ್ದಾನೆ, ಹಿಂದೆ ಚರ್ಚಿನ ಒಳಾಂಗಣ ಉದ್ದಕ್ಕೆ ಹೋಗುತ್ತೆ, ಸುತ್ತ ಕುರುಡರು, ಕುಂಟರು, ಕೂಸು ಎತ್ತಿಕೊಂಡ ಹೆಂಗಸು. ಅವನು ಒಳಗೂ ಇಲ್ಲ, ಬೀದಿಯಲ್ಲೂ ಇಲ್ಲ, ಹೊಸ್ತಿಲ ಹತ್ತಿರ ಇದ್ದಾನೆ. ಕಾಲಿನ್ಸ್ ಹೇಳುವ ಮಧ್ಯವರ್ತಿ ಇವನೇ ಅಲ್ವಾ! ಆದರೆ ಉಡುಪು ನೋಡಿದರೆ ಬಡವರು ಯಾರು, ಕೊಡುವವರು ಯಾರು ಅನ್ನೋದರಲ್ಲಿ ಯಾವ ಗೊಂದಲವೂ ಆಗಲ್ಲ. ಪಕ್ಕದ ಇನ್ನೊಂದು ದೃಶ್ಯದಲ್ಲಿ ಲಾರೆನ್ಸ್‌ಗೆ ದೀಕ್ಷೆ ಕೊಡುವ ಸಿಕ್ಸ್ಟಸ್‌ಗೆ ಚಿತ್ರಕಾರ ಐದನೇ ನಿಕೊಲಸ್‌ನ ಮುಖವನ್ನೇ ಇಟ್ಟಿದ್ದಾನೆ. ದುಡ್ಡು ಕೊಟ್ಟವರ ಮುಖ ಬರಲೇಬೇಕು, ಫ್ಲೆಕ್ಸ್ ಬ್ಯಾನರಿನಲ್ಲಿ ಬರೋ ಹಾಗೆ.

ಈಗ ಹೆಂಗಸರ ವಿಷಯ. ಪೌಲ ರೋಮಿನವರಿಗೆ ಬರೆದ ಪತ್ರದ ಹದಿನಾರನೇ ಅಧ್ಯಾಯ ಶುರುವಾಗೋದೇ ಫೊಯಿಬೆ ಅನ್ನುವ ಹೆಂಗಸಿನ ಪರಿಚಯದಿಂದ. ಆಕೆ ಕೆಂಖ್ರೆಯ ಸಭೆಯ 'ದಿಯಾಕೊನೋಸ್'. ಏಳು ಜನರಿಗೆ ಸಿಗದ ಪದ ಈಕೆಗೆ ಸಿಕ್ಕಿದೆ, ಅದೂ ಗಂಡಸರಿಗೆ ಬಳಸುವ ಅದೇ ರೂಪದಲ್ಲಿ. 1611ರ ಕಿಂಗ್ ಜೇಮ್ಸ್ ಬೈಬಲ್ ಫಿಲಿಪ್ಪಿಯವರ ಪತ್ರದಲ್ಲಿ ಇದೇ ಪದ ಬಂದಾಗ 'ಡೀಕನ್' ಅನ್ನುತ್ತೆ, ಫೊಯಿಬೆಗೆ ಬಂದಾಗ 'ಸರ್ವಂಟ್' ಅನ್ನುತ್ತೆ. ನಮ್ಮ ಮನೆಯ ಕನ್ನಡ ಬೈಬಲ್ಲಿನದ್ದು ಇನ್ನೂ ನಯವಾದ ಕೆಲಸ. ಅಲ್ಲಿ ಅವರು 'ಸಭಾಸೇವಕರು', ಇಲ್ಲಿ ಈಕೆ 'ಸಭೆಯ ಸೇವಕಿ'. ಸಮಾಸ ಮಾಡಿದರೆ ಹುದ್ದೆ, ಬಿಡಿಸಿದರೆ ಚಾಕರಿ! ವ್ಯಾಕರಣದಿಂದ ಇಷ್ಟು ಕೆಲಸ ಆಗುತ್ತೆ ಅಂತ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ. ಸುಮಾರು 112ರಲ್ಲಿ ಬಿಥೂನ್ಯದ ರಾಜ್ಯಪಾಲ ಪ್ಲೀನಿ, ಕ್ರೈಸ್ತರ ಬಗ್ಗೆ ತಿಳಿಯೋದಕ್ಕೆ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಅಂತ ಚಕ್ರವರ್ತಿ ಟ್ರಾಜನ್ನನಿಗೆ ಬರೆಯುತ್ತಾನೆ. ಸಭೆಯಲ್ಲಿ ಅವರಿಗೆ 'ಮಿನಿಸ್ತ್ರೇ' ಅನ್ನುತ್ತಿದ್ದರಂತೆ, 'ದಿಯಾಕೊನೋಸ್' ಪದಕ್ಕೆ ಲ್ಯಾಟಿನ್ನಿನಲ್ಲಿ ಸಿಗೋ ಪದ. 451ರ ಖಾಲ್ಸೆಡೋನ್ ಸಭೆ ನಲವತ್ತು ವರ್ಷಕ್ಕಿಂತ ಕಿರಿಯಳಿಗೆ ಡೀಕನ್ ದೀಕ್ಷೆ ಬೇಡ ಅಂತ ನಿಯಮ ಮಾಡಿತು. ಇಲ್ಲದ ಹುದ್ದೆಗೆ ಯಾರಾದರೂ ವಯಸ್ಸು ಗೊತ್ತುಮಾಡ್ತಾರಾ?

ಪಶ್ಚಿಮದಲ್ಲಿ ಮುಂದೆ ಗಂಡಸರಿಗೂ ಇದು ಪಾದ್ರಿಯಾಗುವ ಮುಂಚಿನ ನಿಲ್ದಾಣವಷ್ಟೇ ಆಯಿತು. ನಮ್ಮ ಕಡೆಯ ಕೆಥೊಲಿಕ್ ಚರ್ಚುಗಳಲ್ಲಿ ಎಡಭುಜದಿಂದ ಓರೆಯಾಗಿ ಸ್ಟೋಲ್ ಹಾಕಿಕೊಂಡ ತರುಣ ಕಂಡರೆ, ಸಾಮಾನ್ಯವಾಗಿ ಸೆಮಿನರಿ ಮುಗಿಸಿ ಗುರುದೀಕ್ಷೆಗೆ ಕಾಯುತ್ತಿರುವವನು ಅಂತ ತಿಳೀಬಹುದು. ಪ್ರೊಬೇಷನ್ ಅನ್ನಿ. ಎರಡನೇ ವ್ಯಾಟಿಕನ್ ಸಭೆ 1964ರಲ್ಲಿ ಡೀಕನ್ ಪದವಿಯನ್ನು ಶಾಶ್ವತವಾಗಿಯೂ ಕೊಡಬಹುದು, ಮದುವೆಯಾದ ಗಂಡಸರಿಗೂ ಕೊಡಬಹುದು ಅಂತ ದಾರಿ ತೆರೆಯಿತು, ಪೋಪ್ ಆರನೇ ಪೌಲ್ 1967ರಲ್ಲಿ ನಿಯಮ ಹೊರಡಿಸಿದರು. ಹೆಂಗಸರ ಬಗ್ಗೆ ಪೋಪ್ ಫ್ರಾನ್ಸಿಸ್ 2016ರಲ್ಲಿ ಒಂದು ಆಯೋಗ, 2020ರಲ್ಲಿ ಇನ್ನೊಂದು ಆಯೋಗ ಮಾಡಿದರು. ಆರ್ಥೊಡಾಕ್ಸ್ ಕಡೆ ಅಲೆಕ್ಸಾಂಡ್ರಿಯಾದ ಪೀಠ 2024ರ ಮೇ ತಿಂಗಳಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಒಬ್ಬ ಹೆಂಗಸಿಗೆ ಡೀಕನ್ ದೀಕ್ಷೆ ಕೊಟ್ಟೇಬಿಟ್ಟಿತು.

ನಾನು ಬೆಳೆದ ಸಭೆಯಲ್ಲಿ ಡೀಕನ್ನರನ್ನು ಜನರೇ ಆರಿಸುತ್ತಾರೆ. ಎಲ್ಲರೂ ಗಂಡಸರು, ಎಲ್ಲರೂ ಇಸ್ತ್ರಿ ಮಾಡಿದ ಅಂಗಿಯವರು, ಹಣಕಾಸು ಅವರದ್ದು. 2020ರ ಲಾಕ್‌ಡೌನಿನಲ್ಲಿ ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು ಅನ್ನೋ ಪಟ್ಟಿ ಇದ್ದದ್ದು ಮಾತ್ರ ಅರವತ್ತು ದಾಟಿದ ಒಬ್ಬ ಆಂಟಿಯ ಹತ್ತಿರ, ರೂಲ್ಡ್ ನೋಟ್‌ಬುಕ್ಕಿನಲ್ಲಿ. ಪಟ್ಟಿಯಲ್ಲಿ ನಮ್ಮ ಸಭೆಯವರಲ್ಲದ ಬಿಹಾರದ ಕಟ್ಟಡ ಕೆಲಸದವರೂ ಇದ್ದರು. ಸಮಿತಿಯವರು ಅವರನ್ನು ಬಿಡಿ, ಮೊದಲು ನಮ್ಮವರಿಗೆ ಆಗಲಿ ಅಂದರು. ಆಂಟಿ "ಹಂಗಂತ ಅವರಿಗೆ ನೀವೇ ಹೋಗಿ ಹೇಳ್ರಪ್ಪ" ಅಂದು ತಮ್ಮ ಪಾಡಿಗೆ ಚೀಟಿ ಬರೆಯುತ್ತಾ ಹೋದರು. ಆ ವರ್ಷದ ವರದಿಯಲ್ಲಿ ಸಮಿತಿಯ ಎಲ್ಲರ ಹೆಸರೂ ಬಂತು, ಆಂಟಿಯದ್ದು 'ಸಹಕರಿಸಿದ ಸಹೋದರಿಯರು' ಅನ್ನೋದರೊಳಗೆ ಸೇರಿಹೋಯಿತು. ಅವರಿಗೆ ಆ ಬಗ್ಗೆ ಬೇಜಾರಿರಲಿಲ್ಲ. ನನಗಿತ್ತು, ಇನ್ನೂ ಇದೆ.

ನ್ಯಾಯವಾಗಿ ಹೇಳಬೇಕು ಅಂದರೆ ಲೂಕ ವಿಧವೆಯರನ್ನು ಪೂರ್ತಿ ಮರೆತಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ, ಯೊಪ್ಪ ಅನ್ನೋ ಬಂದರಿನಲ್ಲಿ ಅವರು ಮತ್ತೆ ಕಾಣಿಸ್ತಾರೆ. ತಬಿಥಾ ಅನ್ನೋ ಹೆಂಗಸು ತೀರಿಕೊಂಡಿದ್ದಾಳೆ. ಗ್ರೀಕಿನಲ್ಲಿ ಆಕೆಗೆ ದೊರ್ಕ ಅಂತಲೂ ಹೆಸರಿತ್ತು, ಎರಡೂ ಭಾಷೆಯ ಹೆಸರನ್ನು ಲೂಕ ಬೇಕೆಂದೇ ಕೊಡುತ್ತಾನೆ ಅನ್ಸುತ್ತೆ. ಆಕೆಯನ್ನು ಯಾರೂ ಆರಿಸಿಲ್ಲ, ತಲೆಯ ಮೇಲೆ ಯಾರೂ ಕೈಯಿಟ್ಟಿಲ್ಲ. ಪೇತ್ರ ಬಂದಾಗ ವಿಧವೆಯರು ಅಳುತ್ತಾ ಆಕೆ ತಮ್ಮ ಜೊತೆ ಇದ್ದಾಗ ಹೊಲಿದುಕೊಟ್ಟ ಅಂಗಿಗಳನ್ನು ಒಂದೊಂದಾಗಿ ತೋರಿಸ್ತಾರೆ. ಆರನೇ ಅಧ್ಯಾಯದಲ್ಲಿ ನೇಮಿಸಿದ ಕೆಲಸ ನಡೆದದ್ದಕ್ಕೆ ಈ ಪುಸ್ತಕದಲ್ಲಿ ಸಿಗುವ ಸಾಕ್ಷಿ ಆ ಅಂಗಿಗಳೇ. ಪೇತ್ರ ಆಕೆಯನ್ನು ಎಬ್ಬಿಸಿ, ಬೇರೆಯವರ ಜೊತೆ ವಿಧವೆಯರನ್ನೂ ಕರೆದು ಒಪ್ಪಿಸುತ್ತಾನೆ. ಆಮೇಲೆ ಅದೇ ಊರಿನಲ್ಲಿ ಚರ್ಮ ಹದಮಾಡುವ ಸೀಮೋನನ ಮನೆಯಲ್ಲಿ ಬಹಳ ದಿನ ಉಳಿದುಕೊಂಡ ಅಂತ ಲೂಕ ಬರೆಯುತ್ತಾನೆ. ತಬಿಥಾ ಮರುದಿನ ಸೂಜಿ ಹಿಡಿದಳೋ ಇಲ್ಲವೋ, ಬರೆದಿಲ್ಲ.