ಸುಲ್ಟ್ಸರನ ‘ಶೀರ್ ಸಿಯೋನ್’: ಪರಂಪರೆ ಮತ್ತು ಪರಿಷ್ಕಾರ

ಅನ್ಯಭಾಷೆಯ ನಡುವೆ ಬಾಳುವ ಜನಸಮುದಾಯವೊಂದು ತನ್ನದರಲ್ಲಿ ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಮಾರ್ಪಡಿಸಿಕೊಳ್ಳಬಹುದು ಎಂಬುದು ಬರಿಯ ರಾಜಕಾರಣದ ಪ್ರಶ್ನೆಯಲ್ಲ. ಕಲೆಯ ಪ್ರಶ್ನೆಯೂ ಹೌದು. 19ನೆಯ ಶತಮಾನದ ವಿಯೆನ್ನಾ ನಗರದಲ್ಲಿ ಈ ಪ್ರಶ್ನೆಗೆ ಕಂಠದಿಂದಲೂ ಲೇಖನಿಯಿಂದಲೂ ಉತ್ತರವಿತ್ತವನು ಸಾಲೊಮನ್ ಸುಲ್ಟ್ಸರ್. ಆ ಉತ್ತರದ ಗುಣದೋಷಗಳನ್ನು ಇಲ್ಲಿ ವಿವೇಚಿಸಲೆಳಸುತ್ತೇವೆ.

ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ಸಭೆಯ ಪರವಾಗಿ ಹೀಬ್ರೂ ಪ್ರಾರ್ಥನೆಗಳನ್ನು ಹಾಡುವವನಿಗೆ ಹಜ್ಜಾನ್ ಎಂದು ಹೆಸರು. ಅವನನ್ನೇ ಕ್ಯಾಂಟರ್ ಎಂದೂ ಕರೆಯುತ್ತಾರೆ. ಈ ಗಾನವು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದದ್ದು. ಗೊತ್ತಾದ ಧಾಟಿಯೊಂದನ್ನು ಹಿಡಿದು, ಪ್ರಾರ್ಥನೆಯ ಮಾತಿಗೆ ತಕ್ಕಂತೆ ಅದನ್ನು ಬೆಳೆಸುವುದೇ ಹಜ್ಜಾನನ ವಿದ್ಯೆ. ನಮ್ಮ ಸಂಗೀತದ ಮನೋಧರ್ಮವನ್ನು ಬಲ್ಲವರಿಗೆ ಇದರ ಸ್ವರೂಪ ಸುಲಭವಾಗಿ ಮನಸ್ಸಿಗೆ ಬಂದೀತು.

ಸುಲ್ಟ್ಸರ್ ಹುಟ್ಟಿದ್ದು 1804ರಲ್ಲಿ, ಆಸ್ಟ್ರಿಯದ ಪಶ್ಚಿಮದಂಚಿನ ಹೊಹೆನೆಮ್ಸ್ ಎಂಬ ಊರಿನಲ್ಲಿ. ಹದಿಹರೆಯದಲ್ಲಿಯೇ ಅವನು ಅಲ್ಲಿ ಕ್ಯಾಂಟರ್ ಆದನು. 1826ರಲ್ಲಿ ವಿಯೆನ್ನಾದಲ್ಲಿ ಹೊಸ ಸಿನಗಾಗ್ ತೆರೆದಾಗ ಅಲ್ಲಿಗೆ ಬಂದು, ಮುಂದೆ ಹಲವು ದಶಕಗಳ ಕಾಲ ಅಲ್ಲಿಯೇ ಹಾಡಿದನು. 1890ರಲ್ಲಿ ಅದೇ ನಗರದಲ್ಲಿ ತೀರಿಕೊಂಡನು.

ಆ ಕಾಲದಲ್ಲಿ ಜರ್ಮನ್ ನಾಡುಗಳ ಯೆಹೂದ್ಯರಲ್ಲಿ ಸುಧಾರಣೆಯ ಗಾಳಿ ಬೀಸುತ್ತಿತ್ತು. 1818ರಲ್ಲಿ ಸ್ಥಾಪಿತವಾದ ಹ್ಯಾಂಬರ್ಗಿನ ಮಂದಿರದಲ್ಲಿ ಆರ್ಗನ್ ವಾದ್ಯವೂ ಜರ್ಮನ್ ಭಾಷೆಯ ಕೀರ್ತನೆಗಳೂ ಪ್ರವೇಶಿಸಿದ್ದುವು. ವಿಯೆನ್ನಾದಲ್ಲಿ ಉಪದೇಶಕ ಮಾನ್‌ಹೈಮರನೂ ಸುಲ್ಟ್ಸರನೂ ಮಧ್ಯಮಮಾರ್ಗವನ್ನು ಹಿಡಿದರು: ಉಪದೇಶ ಜರ್ಮನ್ನಿನಲ್ಲಿ, ಪ್ರಾರ್ಥನೆ ಹೀಬ್ರೂವಿನಲ್ಲಿಯೇ. ಹಾಡಿಗೆ ಮಾತ್ರ ವ್ಯವಸ್ಥಿತವಾದ ವೃಂದವೂ ಪಾಶ್ಚಾತ್ಯ ಸ್ವರಮೇಳವೂ ಒದಗಿದುವು. ನುಡಿಯನ್ನು ಬಿಡದೆ ನಾದದ ಉಡುಪನ್ನು ಬದಲಿಸಿದರೆಂದರೆ ತಪ್ಪಾಗದು. ಇದರ ಫಲವಾಗಿ ಒಂದು ಅಪೂರ್ವ ಘಟನೆಯೂ ನಡೆಯಿತು. 1828ರಲ್ಲಿ, ತಾನು ತೀರಿಕೊಂಡ ವರ್ಷದಲ್ಲಿಯೇ, ಕ್ರೈಸ್ತನಾದ ಶೂಬರ್ಟನು 92ನೆಯ ಕೀರ್ತನೆಗೆ ಹೀಬ್ರೂ ಪಾಠದಲ್ಲಿಯೇ ಸಂಗೀತ ರಚಿಸಿ ಸುಲ್ಟ್ಸರನಿಗೆ ಕೊಟ್ಟನು. ಬಹುಜನರ ಸಂಗೀತಗಾರನೇ ಅಲ್ಪಸಂಖ್ಯಾತರ ಭಾಷೆಯ ಬಳಿಗೆ ಬಂದನೆಂಬುದನ್ನು ಗಮನಿಸಬೇಕು.

ಈ ರಚನೆಯೂ ಸುಲ್ಟ್ಸರನ ಸ್ವಂತ ರಚನೆಗಳೂ ‘ಶೀರ್ ಸಿಯೋನ್’, ಎಂದರೆ ಸಿಯೋನಿನ ಗಾನ, ಎಂಬ ಗ್ರಂಥದಲ್ಲಿ ಸೇರಿವೆ. ಮೊದಲ ಸಂಪುಟ 1840ರ ಸುಮಾರಿಗೂ ಎರಡನೆಯದು 1860ರ ದಶಕದಲ್ಲಿಯೂ ಹೊರಬಂದುವು. ಮೊದಲನೆಯದರಲ್ಲಿ ಸೇಫ್ರೀಡ್, ಡ್ರೆಕ್ಸ್‌ಲರ್ ಮೊದಲಾದ ಕ್ರೈಸ್ತ ರಚನಕಾರರ ಕೃತಿಗಳೂ ಇವೆ. ಆಕ್ಷೇಪ ಹುಟ್ಟುವುದು ಇಲ್ಲಿಯೇ. ವೃಂದಗೀತಗಳನ್ನು ಕೇಳಿದರೆ ಸಿನಗಾಗಿನಲ್ಲಿದ್ದೇವೆಯೋ ವಿಯೆನ್ನಾದ ಇಗರ್ಜಿಯಲ್ಲಿದ್ದೇವೆಯೋ ಎಂಬ ಸಂಶಯ ಬರುವುದುಂಟು. ಹಳೆಯ ಧಾಟಿಗಳಲ್ಲಿ ಒಂದಾದ ‘ಅಹವಾ ರಬ್ಬಾ’ದ ಸ್ವರಗಳು ಸ್ಥೂಲವಾಗಿ ನಮ್ಮ ವಕುಳಾಭರಣ ಮೇಳದ ಸ್ವರಗಳೇ, ರಿಷಭ ಗಾಂಧಾರಗಳ ನಡುವಣ ದೊಡ್ಡ ಅಂತರವೇ ಅದರ ಜೀವ. ಇಂಥ ಧಾಟಿಯನ್ನು ಮೇಜರ್, ಮೈನರ್ ಎಂಬ ಎರಡೇ ಅಚ್ಚುಗಳ ಸ್ವರಮೇಳಕ್ಕೆ ಒಗ್ಗಿಸಹೊರಟರೆ ಕೋನಗಳು ಸವೆದು ಭಾವ ತೆಳುವಾಗುವುದು ಸಹಜ. ವೃಂದಗೀತಗಳ ಮಟ್ಟಿಗೆ ಈ ಆಕ್ಷೇಪ ನ್ಯಾಯವೆಂದೇ ನಮ್ಮ ಅಭಿಮತ.

ಆದರೆ ಅಷ್ಟರಿಂದಲೇ ಅವನನ್ನು ಅನುಕರಣಶೀಲನೆಂದು ತಳ್ಳಿಹಾಕುವುದು ಉಚಿತವಲ್ಲ. ವೃಂದದ ಮಗ್ಗುಲಲ್ಲಿಯೇ ಅವನು ಕ್ಯಾಂಟರನ ಏಕಾಕಿಗಾನಕ್ಕೆ ಎಡೆಯಿಟ್ಟನು. ಅಲ್ಲಿ ತಾಳದ ಕಟ್ಟು ಸಡಿಲವಾಗಿ, ಹೀಬ್ರೂ ಮಾತಿನ ಒತ್ತು ಮುಂದಾಗಿ, ಹಳೆಯ ಧಾಟಿ ಉಸಿರಾಡುತ್ತದೆ. ಎರಡನೆಯ ಸಂಪುಟದಲ್ಲಿ ಪರಂಪರೆಯ ಕಡೆಗಿನ ಒಲವು ಇನ್ನೂ ಸ್ಪಷ್ಟ. ಪಿಯಾನೊ ವಾದನದ ಮಹಾಪುರುಷ ಲಿಸ್ಟ್ ಅವನ ಗಾನಕ್ಕೆ ಮಾರುಹೋದದ್ದನ್ನು 1859ರ ತನ್ನ ಗ್ರಂಥದಲ್ಲಿ ಬರೆದನು. ಮುದ್ರಿತ ಸ್ವರಲಿಪಿಯ ಉಪಕಾರವಂತೂ ದೊಡ್ಡದು. ಹೆಸರಾಂತ ಗಾಯಕನಿಲ್ಲದ ಊರಿನ ಸಭೆಯೂ ಪುಸ್ತಕ ನೋಡಿ ಹಾಡುವಂತಾಯಿತು.

ಆದುದರಿಂದ ನಾವು ಹೀಗೆ ತೀರ್ಮಾನಿಸುತ್ತೇವೆ: ಸುಲ್ಟ್ಸರನು ಎಲ್ಲಿ ಹಳೆಯ ಧಾಟಿಯನ್ನು ನೆರೆಯವರ ಕಿವಿಗೆ ಒಪ್ಪುವಂತೆ ತಿದ್ದಿದನೋ ಅಲ್ಲಿ ಸೋತನು, ಎಲ್ಲಿ ಅದನ್ನು ತಿಳಿದು, ತೂಗಿ, ಬರೆದಿಟ್ಟನೋ ಅಲ್ಲಿ ಗೆದ್ದನು. ಮುದುಕಿಯರ ಬಾಯಿಂದ ಹಾಡುಗಳನ್ನು ಬರೆದುಕೊಳ್ಳುವ ನಮ್ಮ ಉಪಾಧ್ಯಾಯ ಮಿತ್ರರೂ ಈ ಭೇದವನ್ನು ನೆನಪಿಡುವುದು ಮೇಲು.

ಅವನು ಹಾಡಿದ ಮಂದಿರವನ್ನು ಅಂದಿನ ನಿಯಮದಂತೆ ಬೀದಿಗೆ ಕಾಣದ ಹಾಗೆ ಮನೆಗಳ ಸಾಲಿನೊಳಗೆ ಕಟ್ಟಿದ್ದರು. 1938ರ ನವೆಂಬರಿನಲ್ಲಿ ನಾಜಿಗಳು ನಗರದ ಸಿನಗಾಗುಗಳನ್ನು ಸುಟ್ಟಾಗ, ಅಕ್ಕಪಕ್ಕದ ಮನೆಗಳಿಗೆ ಬೆಂಕಿ ತಗಲೀತೆಂಬ ಅಂಜಿಕೆಯಿಂದ ಇದೊಂದನ್ನು ಸುಡದೆ ಬಿಟ್ಟರು. ಒಳಗನ್ನು ಮಾತ್ರ ಹಾಳುಗೆಡವಿದರು. ಆ ಸಭೆಯ ಜನರಲ್ಲಿ ಅನೇಕರು ಉಳಿಯಲಿಲ್ಲ. ಆದರೆ ಅವನು ‘ಶೆಮಾ’ ಪ್ರಾರ್ಥನೆಗೆ ಕೂಡಿಸಿದ ಧಾಟಿ ಇಂದಿಗೂ ದೂರದ ಅಮೆರಿಕದ ಸಿನಗಾಗುಗಳಲ್ಲಿ ಕೇಳಿಬರುತ್ತದೆ. ಹಾಡುವವರಲ್ಲಿ ಎಷ್ಟೋ ಮಂದಿಗೆ ಅವನ ಹೆಸರೇ ತಿಳಿಯದು.