ಒಂದು ಪ್ರಸಂಗ, ಎರಡು ಪಾಠ: ದಾವೀದ–ಗೊಲ್ಯಾತರ ಕಥೆ

ಒಂದೇ ಕಥೆ ಎರಡು ಹಸ್ತಪ್ರತಿ ಪರಂಪರೆಗಳಲ್ಲಿ ಭಿನ್ನವಾಗಿ ದೊರೆತಾಗ ಮೂಲಪಾಠ ಯಾವುದೆಂದು ಕೇಳುವುದು ಸಂಪಾದಕರ ವಾಡಿಕೆ. ಅದಕ್ಕೆ ಮುನ್ನ ಪ್ರತಿಯೊಂದು ಪಾಠವೂ ಕಥೆಯಾಗಿ ಹೇಗೆ ನಿಲ್ಲುತ್ತದೆಂದು ನೋಡುವುದು ಕಥನವಿಮರ್ಶೆಯ ಕ್ರಮ. ಬೈಬಲಿನ ಸಮುವೇಲನ ಮೊದಲನೆಯ ಗ್ರಂಥದ 17ನೆಯ ಅಧ್ಯಾಯ ಇದಕ್ಕೆ ಉತ್ತಮ ನಿದರ್ಶನ.

ಮಸೋರಾ ಪರಂಪರೆಯ ಹೀಬ್ರೂ ಪಾಠ ದೀರ್ಘವಾದುದು. ಕ್ರಿ.ಶ. 4ನೆಯ ಶತಮಾನದ ವ್ಯಾಟಿಕನ್ ಪ್ರತಿಯ ಗ್ರೀಕ್ ಅನುವಾದದಲ್ಲಿ 12–31, 50 ಹಾಗೂ 55–58ನೆಯ ವಚನಗಳೇ ಮೊದಲಾದುವು ಇಲ್ಲ. ಹೀಬ್ರೂ ಪಾಠದ 16ನೆಯ ಅಧ್ಯಾಯದಲ್ಲಿ ದಾವೀದನು ಸೌಲರಾಜನ ಕಿನ್ನರಿವಾದಕ, ಆಯುಧವಾಹಕ. 17ರ ಕೊನೆಯಲ್ಲಿ ಅದೇ ರಾಜನು ಈತ ಯಾರ ಮಗನೆಂದು ವಿಚಾರಿಸುತ್ತಾನೆ. ಗ್ರೀಕ್ ಪಾಠದಲ್ಲಿ ಈ ವಿರೋಧವಿಲ್ಲ. ಅನುವಾದಕನೇ ವಿರೋಧವನ್ನು ಕಂಡು ಕತ್ತರಿಸಿದನೇ, ಅಥವಾ ಅವನ ಮುಂದಿದ್ದ ಹೀಬ್ರೂ ಪ್ರತಿಯೇ ಹ್ರಸ್ವವಾಗಿತ್ತೇ? 1986ರಲ್ಲಿ ಪ್ರಕಟವಾದ ಒಂದೇ ಗ್ರಂಥದಲ್ಲಿ ಬಾರ್ತೆಲೆಮಿ ಮತ್ತು ಗುಡಿಂಗ್ ದೀರ್ಘಪಾಠವನ್ನೂ, ಲುಸ್ಟ್ ಮತ್ತು ತೋವ್ ಹ್ರಸ್ವಪಾಠವನ್ನೂ ಸಮರ್ಥಿಸಿದರು.

ಕಥೆಗಳನ್ನೇ ಓದೋಣ. ಹ್ರಸ್ವಪಾಠದಲ್ಲಿ ಸೌಲನೂ ಸೇನೆಯೂ ಭಯಗೊಂಡೊಡನೆ ಸೇವಕನಾದ ದಾವೀದನು ಮುಂದೆ ಬರುತ್ತಾನೆ. ರಾಜನ ಅಧೈರ್ಯಕ್ಕೆ ಎದುರಾಗಿ ಸೇವಕನ ಶ್ರದ್ಧೆಯೇ ಇಲ್ಲಿಯ ವಸ್ತು. ದೀರ್ಘಪಾಠದ ಹೆಚ್ಚಿನ ಭಾಗದಲ್ಲಿಯಾದರೋ ಅವನು ಹುರಿದ ಧಾನ್ಯವನ್ನೂ ರೊಟ್ಟಿಯನ್ನೂ ಹೊತ್ತು ಅಣ್ಣಂದಿರನ್ನು ಕಾಣಬಂದ ಕಿರಿಯ ಕುರುಬ. ಹಿರಿಯಣ್ಣ ಎಲೀಯಾಬನು ಅವನನ್ನು ಗದರುತ್ತಾನೆ. ಅಜ್ಞಾತನೊಬ್ಬನ ಉದಯ ಈ ಕಥೆಯ ವಸ್ತುವಾದುದರಿಂದ ರಾಜನ ಪ್ರಶ್ನೆ ಇಲ್ಲಿ ದೋಷವಲ್ಲ, ಉಚಿತವಾದ ಮುಕ್ತಾಯ. ವಿರೋಧವಿರುವುದು ಕಥೆಗಳಲ್ಲಿ ಅಲ್ಲ, ಅವುಗಳ ಬೆಸುಗೆಯಲ್ಲಿ.

ಆದರೆ ಸುಸಂಗತಿಯೇ ಪ್ರಾಚೀನತೆಗೆ ಪ್ರಮಾಣವಾಗಲಾರದು. ಜಾಣ ಸಂಗ್ರಾಹಕನೂ ಸುಸಂಗತವಾದ ಕಥೆಯನ್ನು ಕೊಡಬಲ್ಲನು. ಆದುದರಿಂದ ಹಸ್ತಪ್ರತಿಗಳ ಸಾಕ್ಷ್ಯವೂ ಬೇಕು. ಗೊಲ್ಯಾತನ ಎತ್ತರ ಮಸೋರಾ ಪಾಠದಲ್ಲಿ 6 ಮೊಳ 1 ಗೇಣು. ವ್ಯಾಟಿಕನ್ ಪ್ರತಿಯಲ್ಲಿ 4 ಮೊಳ 1 ಗೇಣು. 1952ರಲ್ಲಿ ಕುಮ್ರಾನಿನ 4ನೆಯ ಗುಹೆಯಲ್ಲಿ ದೊರೆತ, ಕ್ರಿ.ಪೂ. 1ನೆಯ ಶತಮಾನದ ಹೀಬ್ರೂ ಸುರುಳಿಯಲ್ಲಿಯೂ 4 ಮೊಳವೇ ಇದೆ. ಇದರಿಂದ ಬಿಟ್ಟ ವಚನಗಳ ಪ್ರಶ್ನೆ ತೀರದು. ಆದರೆ ಗ್ರೀಕ್ ಪಾಠದ ವ್ಯತ್ಯಾಸಗಳನ್ನೆಲ್ಲ ಅನುವಾದಕನ ಮೇಲೆ ಹೊರಿಸಬಾರದೆಂಬುದು ಸ್ಪಷ್ಟ.

ಈ ವಿವೇಕ ನಮಗೂ ಅನ್ವಯಿಸುತ್ತದೆ. ವಿಮಲಸೂರಿಯ ಪಉಮಚರಿಯದಲ್ಲಿ ಸೀತೆ ಜನಕನ ಮಗಳು. ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ರಾವಣನ ಮಗಳು. ಇವು ಭಿನ್ನ ಕೃತಿಗಳಾದುದರಿಂದ ಒಂದರಿಂದ ಇನ್ನೊಂದನ್ನು ತಿದ್ದಲು ಯಾರೂ ಹೊರಡರು. ಒಂದೇ ಕೃತಿಯ ಎರಡು ಪ್ರತಿಶಾಖೆಗಳು ಕಥೆಯಲ್ಲಿಯೇ ಭಿನ್ನವಾದಾಗಲೂ ಸಂಪಾದಕರು ಅದೇ ಸಂಯಮವನ್ನು ಪಾಲಿಸಿ, ಮಿಶ್ರಪಾಠವನ್ನು ಕಟ್ಟದೆ ಎರಡನ್ನೂ ಪೂರ್ಣವಾಗಿ ಮುದ್ರಿಸುವುದು ಯುಕ್ತ.