ಕಾವಲುಗಾರನ ಕಣ್ಣು: ‘ಟೀರೂಮ್ ಟ್ರೇಡ್’ ಕುರಿತು

ಲಾಡ್ ಹಂಫ್ರೀಸರ ‘ಟೀರೂಮ್ ಟ್ರೇಡ್’ 1970ರಲ್ಲಿ ಪ್ರಕಟವಾಯಿತು. ಸಂಶೋಧನಾ ನೀತಿಯ ಪಾಠಗಳಲ್ಲಿ ಇಂದಿಗೂ ಅದು ಎಚ್ಚರಿಕೆಯ ಉದಾಹರಣೆಯಾಗಿ ಬರುತ್ತದೆ. ಆದರೆ ಅದರ ಕರ್ತೃ ಎಪಿಸ್ಕೋಪಲ್ ಸಭೆಯಲ್ಲಿ ಗುರುದೀಕ್ಷೆ ಪಡೆದವರೆಂಬ ಸಂಗತಿಯನ್ನು ಹೆಚ್ಚಿನವರು ಒಂದು ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಈ ಪತ್ರಿಕೆಯ ಓದುಗರಿಗೆ ವಿಚಾರ ಆರಂಭವಾಗಬೇಕಾದದ್ದು ಅಲ್ಲಿಂದಲೇ ಎಂಬುದು ನಮ್ಮ ಅಭಿಪ್ರಾಯ.

1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಉದ್ಯಾನಗಳ ಶೌಚಾಲಯಗಳಲ್ಲಿ ಅಪರಿಚಿತ ಪುರುಷರ ನಡುವೆ ನಡೆಯುತ್ತಿದ್ದ ಲೈಂಗಿಕ ಸಂಪರ್ಕವೇ ಕೃತಿಯ ವಸ್ತು. ಆ ರಾಜ್ಯದಲ್ಲಿ ಅದು ಆಗ ದಂಡನೀಯ ಅಪರಾಧ. ಸಿಕ್ಕಿಬಿದ್ದವನು ಉದ್ಯೋಗವನ್ನೂ ಕುಟುಂಬವನ್ನೂ ಕಳೆದುಕೊಳ್ಳುವ ಭಯವಿತ್ತು. ಹಂಫ್ರೀಸರು ಪೊಲೀಸರು ಬಂದರೆ ಸೂಚನೆ ಕೊಡುವ ಕಾವಲುಗಾರನಾಗಿ ನಿಂತು ಎಲ್ಲವನ್ನೂ ಗಮನಿಸಿದರು. ನೂರಕ್ಕೂ ಹೆಚ್ಚು ಕಾರುಗಳ ನೋಂದಣಿ ಸಂಖ್ಯೆಗಳನ್ನು ಬರೆದುಕೊಂಡು, ಮಾರುಕಟ್ಟೆ ಸಮೀಕ್ಷೆಯ ನೆಪದಲ್ಲಿ ಪೊಲೀಸರಿಂದಲೇ ವಿಳಾಸಗಳಿಗೆ ದಾರಿ ಮಾಡಿಕೊಂಡರು. ಒಂದು ವರ್ಷ ಕಳೆದ ಮೇಲೆ ಕೇಶವಿನ್ಯಾಸ, ಉಡುಪು, ಕಾರು ಎಲ್ಲವನ್ನೂ ಬದಲಿಸಿ, ಆರೋಗ್ಯ ಸಮೀಕ್ಷಕರಾಗಿ 50 ಮಂದಿಯ ಮನೆಬಾಗಿಲು ತಟ್ಟಿದರು.

ಕೃತಿಯನ್ನು ಹಗುರವಾಗಿ ತಳ್ಳಿಹಾಕಲಾಗದು. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಂಡತಿಯೊಂದಿಗೆ ಬಾಳುತ್ತಿದ್ದ ಗೃಹಸ್ಥರೆಂದೂ, ದಾರಿಹೋಕರಿಗೆ ಇವರಿಂದ ಅಪಾಯವಿಲ್ಲವೆಂದೂ ಅದು ತೋರಿಸಿತು. ಪೊಲೀಸರ ಬೇಟೆಯ ನ್ಯಾಯವನ್ನು ಪ್ರಶ್ನಿಸಿತು. ಹೆಸರುಗಳ ಪಟ್ಟಿಯನ್ನು ಭದ್ರಪೆಟ್ಟಿಗೆಯಲ್ಲಿಟ್ಟು ಕಾಯಲಾಯಿತು. ಹಾಗಾದರೆ ಯಾರಿಗೆ ಹಾನಿಯಾಯಿತು ಎಂದು ಸಮರ್ಥಕರು ಕೇಳುತ್ತಾರೆ.

ಈ ಪ್ರಶ್ನೆಯೇ ತಪ್ಪಾದ ಸ್ಥಳದಲ್ಲಿ ನಿಂತಿದೆ. ಪಾಪನಿವೇದನೆಯಲ್ಲಿ ಗುರು ಕೇಳುವ ರಹಸ್ಯವು ತಾನಾಗಿ ಒಪ್ಪಿಸಲ್ಪಟ್ಟದ್ದು. ಒಪ್ಪಿಸಿದವನಿಗೆ ಮೌನವಾಗಿರುವ ಸ್ವಾತಂತ್ರ್ಯವೂ ಇತ್ತು. ಹಂಫ್ರೀಸರ ಪೆಟ್ಟಿಗೆಯಲ್ಲಿದ್ದ ರಹಸ್ಯಗಳು ಎತ್ತಿಕೊಂಡು ಬಂದವು. ಎಷ್ಟೇ ಭದ್ರವಾಗಿ ಕಾದರೂ ಅವು ಒಪ್ಪಿಸಿದವುಗಳಾಗುವುದಿಲ್ಲ. ಎರಡನೆಯ ಕೊರಿಂಥದ ನಾಲ್ಕನೆಯ ಅಧ್ಯಾಯದ ಆರಂಭದಲ್ಲಿ ಪೌಲನು ತನ್ನ ಸೇವೆಯಿಂದ ಕುಯುಕ್ತಿಯನ್ನು ದೂರವಿಟ್ಟಾಗ, ಅದರ ಫಲ ಒಳ್ಳೆಯದೋ ಕೆಟ್ಟದೋ ಎಂದು ಲೆಕ್ಕ ಹಾಕುವುದಿಲ್ಲ.

ಬೇರೆ ದಾರಿಯಿರಲಿಲ್ಲವೆಂಬ ವಾದಕ್ಕೆ ಕೃತಿಯೇ ಉತ್ತರ ಕೊಡುತ್ತದೆ. ಹನ್ನೆರಡು ಮಂದಿಗೆ ಹಂಫ್ರೀಸರು ತಾವು ಯಾರೆಂದು ತಿಳಿಸಿದ್ದರು. ಅವರು ಮನಬಿಚ್ಚಿ ಮಾತನಾಡಿದರು. ಆ ಹನ್ನೆರಡು ಮಂದಿ ಹೆಚ್ಚು ವಿದ್ಯಾವಂತರು, ಎಲ್ಲರ ಪ್ರತಿನಿಧಿಗಳಲ್ಲ ಎಂಬುದು ಲೇಖಕರ ಸಮಜಾಯಿಷಿ. ಅಂದರೆ ಸಮ್ಮತಿ ಕೇಳಿಸಿಕೊಂಡವರು ವಿದ್ಯಾವಂತರು, ಕೇಳದೆಯೇ ಅಧ್ಯಯನಕ್ಕೊಳಗಾದವರು ಉಳಿದವರು! ದುರ್ಬಲರ ಮೇಲಿನ ಸಂಶೋಧನೆಯ ಹಳೆಯ ರೋಗವಿದು.

ಇವರ ಬಹಿರಂಗ ಜೀವನದ ಅತಿಯಾದ ಸಾಂಪ್ರದಾಯಿಕತೆಯನ್ನು ಹಂಫ್ರೀಸರು ಎಫೆಸದ ಪತ್ರಿಕೆಯಿಂದ ಎರವಲು ಪಡೆದು ‘ನೀತಿಯ ಕವಚ’ ಎಂದು ಕರೆದರು. ಒಳನೋಟ ಸೊಗಸಾಗಿದೆ. ಆದರೆ 1974ರಲ್ಲಿ ತಾವೂ ಸಲಿಂಗಾನುರಾಗಿಯೆಂದು ಅವರು ಬಹಿರಂಗಪಡಿಸಿದ ಮೇಲೆ ಈ ಪುಟಗಳನ್ನು ಓದುವವರಿಗೆ ವ್ಯಥೆಯಾಗದಿರದು: ತಮ್ಮ ಕವಚವನ್ನು ತಮಗೆ ಬೇಕಾದಾಗ ಕಳಚುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು, ಇತರರ ಕವಚದೊಳಗೆ ಕೇಳದೆ ಇಣುಕಿದ್ದರು.

ನಮ್ಮ ಸೆಮಿನರಿಗಳಲ್ಲಿ ವೇಷ ಬದಲಿಸುವವರಿಲ್ಲ. ಅದರ ಅಗತ್ಯವೂ ಇಲ್ಲ, ನಿಲುವಂಗಿಯೇ ಸಾಕು. ಎಚ್‌ಐವಿ ಸೋಂಕಿತ ವಿಧವೆಯೂ ಅನಾಥಾಲಯದ ಬಾಲಕನೂ ಅಯ್ಯನವರ ಪ್ರಶ್ನೆಗೆ ಇಲ್ಲವೆನ್ನುವುದು ಹೇಗೆ? ಅಕ್ಕಿಯೂ ಶುಲ್ಕವೂ ಅದೇ ಕೈಯಿಂದ ಬರುವಾಗ ಹೆಬ್ಬೆಟ್ಟು ಒತ್ತಿದ ಸಮ್ಮತಿಪತ್ರಕ್ಕೆ ಎಷ್ಟು ತೂಕ? ಕೇಳುವವರು ಕೊಡುವವರಾಗಿರಬಾರದು, ಬೇಡವೆಂದವರಿಗೆ ನೆರವು ನಿಲ್ಲದೆಂಬುದು ಮೊದಲೇ ತಿಳಿದಿರಬೇಕು. ಹೆಸರು ಬದಲಿಸಿದರೆ ಸಾಲದು. ಊರು, ಕಸುಬು, ಮಕ್ಕಳ ಸಂಖ್ಯೆಗಳನ್ನು ಬರೆದಿಟ್ಟ ಪ್ರಬಂಧವು ಗ್ರಂಥಾಲಯದ ಕಪಾಟಿನಲ್ಲಿರುತ್ತದೆ. ಮುಂದಿನ ವರ್ಷ ಅದೇ ಊರಿನ ಹುಡುಗನೊಬ್ಬನು ಪ್ರಥಮ ವರ್ಷದ ತರಗತಿಗೆ ಸೇರಿ ಅದನ್ನು ತೆರೆಯಬಹುದು.